ಪೌಂಡ್ ಗುರುತಿನ ಕನ್ನಡ

16 ನವೆಂಬರ್ 2025, ಭಾನುವಾರ
ನವನಗರ, ಬಾಗಲಕೋಟೆ

ತುಳಸಿ ಲಗ್ನ ಮುಗಿದು ಎರಡು ವಾರವಾಯಿತು. ಇನ್ನು ಲಗ್ನಪತ್ರಿಕೆ ಮಾಡಿಕೊಡುವ ನಮ್ಮಂಥ ಅಂಗಡಿಗಳ ಹಂಗಾಮು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಂದರೆ ಗುಳೇದಗುಡ್ಡದ ಕಾಕಾ ಒಬ್ಬರು ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಭಾನುವಾರ ಅಂಗಡಿ ಇಲ್ಲ ಎಂದರೂ ಏಳಲಿಲ್ಲ. ಕೈಯಲ್ಲಿ 2013ರ ಒಂದು ಲಗ್ನಪತ್ರಿಕೆ. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಹೋಗಿರಲಿಲ್ಲ.

"ದೊಡ್ಡವಳದ್ದನ್ನು ನಿಮ್ಮ ತಂದೆ ಮಾಡಿಕೊಟ್ಟಿದ್ದರು. ಈಗ ಸಣ್ಣವಳದ್ದು. ಇದೇ ಇರಲಿ ತಂಗಿ, ಹೆಸರು ಅಷ್ಟೇ ಬದಲಾಯಿಸಿ ಕೊಡು."

ಶಟರ್ ಎತ್ತಿ ಕಂಪ್ಯೂಟರ್ ಗುಂಡಿ ಒತ್ತಿದೆ. ಅದು ಎಚ್ಚರವಾಗುವಷ್ಟರಲ್ಲಿ ಒಳಗೆ ಹೋಗಿ ಚಹಾ ಮಾಡಿ ತಂದು ಕಾಕಾಗೆ ಕೊಟ್ಟೆ, ನಾನೂ ಕುಡಿದೆ, ಕಪ್ಪು ತೊಳೆದಿಟ್ಟೆ. ಫೈಲ್ ಮಾತ್ರ ಎರಡು ನಿಮಿಷಕ್ಕೆ ಸಿಕ್ಕಿತು. ಹುಡುಗಿಯ ಹೆಸರು, ಬೀಗರ ಊರು, ತಿಥಿ, ಅಕ್ಷತೆಯ ಸಮಯ ಬದಲಾಯಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಕರಡು ಪ್ರತಿ ತೆಗೆದು ಓದಿಸಿದೆ. ಅಷ್ಟರ ಮೇಲೆ ಕಾಕಾ, "ಪುಣೆಯಲ್ಲಿರುವ ಮಗನ ಮೊಬೈಲಿಗೂ ಒಂದು ಕಳಿಸಿಬಿಡು" ಎಂದರು. ಬ್ರೌಸರ್ ತೆರೆದರೆ, ಇದು ಹಳೆಯದಾಯಿತು, ಹೊಸ ಆವೃತ್ತಿ ಹಾಕಿಕೊಂಡು ಬನ್ನಿ ಎಂಬ ಸಂದೇಶ. ಹೊಸದು ಹಾಕೋಣವೆಂದರೆ ವಿಂಡೋಸ್ 7ಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆ, 2023ರ ಜನವರಿಯದು. ಆ ಮುಂದಿನದು ಈ ಯಂತ್ರದ ಮೇಲೆ ಕೂರುವುದೇ ಇಲ್ಲ. ಕೊನೆಗೆ ಪರದೆಯ ಫೋಟೊವನ್ನು ನನ್ನ ಮೊಬೈಲ್‌ನಲ್ಲಿ ತೆಗೆದು ಕಳಿಸಿದೆ. ಗಣಪತಿಯ ಹೊಟ್ಟೆಯ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ ಬಿದ್ದಿತ್ತು. ಕಾಕಾ ಚೆನ್ನಾಗಿದೆ ಎಂದರು. ಪ್ರೆಸ್ಸಿನವರ ಮಗಳಾಗಿ ನನಗೆ ನಾಚಿಕೆಯಾಯಿತು.

ಹಾಗಾಗಿ ಈ ಹಳೆಯ ಕಂಪ್ಯೂಟರನ್ನು ಏನು ಮಾಡುವುದೆಂದು ಈ ಹಂಗಾಮಿನೊಳಗೆ ತೀರ್ಮಾನ ಆಗಲೇಬೇಕು ಎಂದು ತಮ್ಮನ ಮಗನನ್ನು ಕರೆಸಿದೆ. ಡಿಪ್ಲೊಮಾ ಓದುತ್ತಿದ್ದಾನೆ, ಕಂಪ್ಯೂಟರ್ ವಿಭಾಗ. ಹನ್ನೊಂದು ಗಂಟೆಗೆ ಪೆನ್‌ಡ್ರೈವ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಬಂದವನು ಪೆಟ್ಟಿಗೆಯ ಮಗ್ಗುಲು ಬಿಚ್ಚಿ ನೋಡಿ, "ಅತ್ತೆ, ಇದಕ್ಕೆ ಧೂಪ ಹಾಕುತ್ತೀರಾ?" ಎಂದ. ಹಾಕುತ್ತೇನೆ, ಪ್ರತಿ ಶುಕ್ರವಾರ. ಫ್ಯಾನಿನ ಮೇಲೆ ಬೂದಿಯ ಪದರವೇ ಇತ್ತು.

ಯಂತ್ರದ ಜಾತಕ ಇಷ್ಟು: 2012ರಲ್ಲಿ ಅಪ್ಪ ತಂದದ್ದು. ಇಂಟೆಲ್‌ನ ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 32 ಬಿಟ್‌ನ ವಿಂಡೋಸ್ 7. ಆ 32 ಬಿಟ್‌ನ ಕಾರಣಕ್ಕೆ 4 ಜಿಬಿಯಲ್ಲಿ ಮೂರು ಚಿಲ್ಲರೆಯಷ್ಟೇ ಕೆಲಸಕ್ಕೆ ಬರುತ್ತದೆ. ವಿಂಡೋಸ್ 7ಕ್ಕೆ ಭದ್ರತಾ ತಿದ್ದುಪಡಿಗಳು 2020ರ ಜನವರಿ 14ಕ್ಕೇ ನಿಂತಿವೆ. ಅಂದರೆ ಸುಮಾರು ಆರು ವರ್ಷದಿಂದ ನಾನು ಬೀಗವಿಲ್ಲದ ಮನೆಯಲ್ಲಿದ್ದೇನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಕಡತಗಳಿಗೆ ಬೀಗ ಜಡಿದು ಹಣ ಕೇಳಿದಾಗ ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳೇ. ಅದರ ಮದ್ದು ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು. ಈಗ ಅಂಥದ್ದು ಬಂದರೆ ನನಗೆ ಮದ್ದೂ ಬರುವುದಿಲ್ಲ.

ಹಾಗಿದ್ದರೆ ಆಗಲೇ ಏಕೆ ಬದಲಾಯಿಸಲಿಲ್ಲ? 2015ರ ಜುಲೈ 29ರಿಂದ ಒಂದು ವರ್ಷ ವಿಂಡೋಸ್ 10ನ್ನು ಪುಕ್ಕಟೆ ಕೊಡುತ್ತಿದ್ದರು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ ದಿನವೂ ಇಣುಕಿ ಕರೆಯುತ್ತಿತ್ತು. ಅಪ್ಪ ಅದನ್ನು ನೊಣ ಓಡಿಸಿದಂತೆ ಮುಚ್ಚುತ್ತಿದ್ದರು. "ಪುಕ್ಕಟೆ ಕೊಡುವವನು ಏನನ್ನೋ ಒಯ್ಯುತ್ತಾನೆ" ಎನ್ನುತ್ತಿದ್ದರು. ಆ ಅನುಮಾನಕ್ಕೆ ಅವರಿಗೆ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಹುಡುಗ ಹೇಳಿದ ದಾರಿಗಳಲ್ಲಿ ಮೊದಲನೆಯದು ವಿಂಡೋಸ್ 11. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದಾದರೂ ಇರಬೇಕು. ನಮ್ಮದು ಎರಡನೆಯದು. ಕಂಪ್ಯೂಟರ್ ರಿಪೇರಿಯವರೊಬ್ಬರು ಒಳದಾರಿಯಿಂದ ಹಾಕಿಕೊಡುತ್ತೇನೆ ಎಂದು ಕಳೆದ ತಿಂಗಳು ಹೇಳಿದ್ದರು. ಹಾಗೆ ಹಾಕಿದರೆ ಮುಂದಿನ ತಿದ್ದುಪಡಿಗಳು ಬರುತ್ತವೆಂಬ ಖಾತ್ರಿ ಇಲ್ಲ. ಆ ಖಾತ್ರಿಗಾಗಿಯೇ ಅಲ್ಲವೇ ಈ ಒದ್ದಾಟ? ಎರಡನೆಯದು ವಿಂಡೋಸ್ 10. ಇದು ಈ ಯಂತ್ರದಲ್ಲಿ ನಡೆಯುತ್ತದೆ, ಆದರೆ ಅದರ ಆಯುಷ್ಯವೂ ಕಳೆದ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತರಣೆ ಇದೆ. ಡಿಪೋಕ್ಕೆ ಹೊರಟ ಬಸ್ಸನ್ನು ಓಡಿ ಹೋಗಿ ಹತ್ತಿದ ಹಾಗೆ. ಮೂರನೆಯದು ಅವನ ಪೆನ್‌ಡ್ರೈವ್‌ನಲ್ಲಿತ್ತು, ಲಿನಕ್ಸ್ ಮಿಂಟ್. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ, ಪುಕ್ಕಟೆ ಸಿಗುವ ವ್ಯವಸ್ಥೆ.

ಇದರ ಒಂದು ಗುಣ ನನಗೆ ಬಹಳ ಹಿಡಿಸಿತು. ಹಾರ್ಡ್ ಡಿಸ್ಕ್ ಮುಟ್ಟದೆಯೇ ಪೆನ್‌ಡ್ರೈವ್‌ನಿಂದಲೇ ಎದ್ದು ಕೂರುತ್ತದೆ. ಸೀರೆಯನ್ನು ಮನೆಗೆ ಒಯ್ದು ಉಟ್ಟು ನೋಡಿ ವಾಪಸ್ ಕೊಡಬಹುದು ಎಂದ ಹಾಗೆ. ಕೀಲಿಮಣೆಗೆ ಕನ್ನಡ ಸೇರಿಸುವಾಗ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರು ಕಂಡಿತು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಮಾಡಿದ ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ನುಡಿಯಲ್ಲಿ ನಾನು ಇಷ್ಟು ವರ್ಷ ಒತ್ತಿದ ಅದೇ ಕೀಲಿಮಣೆ, ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಬೆರಳಿಟ್ಟೆ. ಬೆರಳುಗಳಿಗೆ ಯಾವ ಊರಿಗೆ ಬಂದೆವೆಂದು ಗೊತ್ತೇ ಆಗಲಿಲ್ಲ, "ಶ್ರೀ ಗುರುಬಸವಲಿಂಗಾಯ ನಮಃ" ಎಂದು ತಾವೇ ಒತ್ತಿಬಿಟ್ಟವು. ಒತ್ತಕ್ಷರವೆಲ್ಲ ಸರಿಯಾಗಿ ಕೂತಿತು. ಆ ಐದು ನಿಮಿಷ ನನ್ನ ಮಟ್ಟಿಗೆ ತೀರ್ಮಾನ ಮುಗಿದೇ ಹೋಗಿತ್ತು.

ಆಮೇಲೆ ಬೆಳಗಿನ ಲಗ್ನಪತ್ರಿಕೆಯ ಫೈಲ್ ತೆರೆದೆವು, ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಮಾಡಿದ್ದು. ಮಿಂಟ್ ಜೊತೆಗೇ ಬರುವ ಲಿಬ್ರೆಆಫೀಸ್ ಅದನ್ನು ತೆರೆಯಬಲ್ಲದು ಎಂಬುದೇ ನನಗೆ ಗೊತ್ತಿರಲಿಲ್ಲ. ಚೌಕಟ್ಟು ಬಂತು, ಗಣಪತಿ ಬಂದ, ಬಾಳೆಕಂಬ ಬಂತು. ಅಕ್ಷರಗಳ ಜಾಗದಲ್ಲಿ ಮಾತ್ರ ಕಸ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ ಅಕ್ಷರಗಳ ಸಾಲು, ನಡುನಡುವೆ ಬ್ರಿಟಿಷರ ಪೌಂಡಿನ ಗುರುತು.

ಹುಡುಗ ಗಾಬರಿಯಾದ. ನಾನು ಆಗಲಿಲ್ಲ. ಈ ಕಸವನ್ನು ನಾನು ಓದಬಲ್ಲೆ. ನುಡಿ 4.0ರ ಕಾಲದ ಅಕ್ಷರಗಳು ಕನ್ನಡದಂತೆ ಕಾಣುವ ಇಂಗ್ಲಿಷ್. ಇಂಗ್ಲಿಷ್ ಅಕ್ಷರಗಳ ಮನೆಗಳನ್ನು ಖಾಲಿ ಮಾಡಿಸಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇಟ್ಟಿದ್ದಾರೆ. ಫಾಂಟ್ ಇರುವವರೆಗೆ ಕನ್ನಡ, ಫಾಂಟ್ ತೆಗೆದರೆ ಮನೆಯ ಹಳೆಯ ಮಾಲೀಕ ಬಾಗಿಲಿಗೆ ಬರುತ್ತಾನೆ. ಕ ಬೇಕಾದರೆ ಪಿ ಅಕ್ಷರ, ಅದರ ಪಕ್ಕ ಗೀಟಿನ ಎ. ನ ಬೇಕಾದರೆ ಪೌಂಡು, ಮತ್ತೆ ಗೀಟಿನ ಎ. ಕನ್ನಡ ಎಂಬ ಪದದ ನಟ್ಟನಡುವೆಯೇ ಪೌಂಡ್ ಕುಳಿತಿದೆ. ಕಂಪ್ಯೂಟರಿನಲ್ಲಿ ಹುಡುಕು ಎಂದರೆ "ಬಿಜಾಪುರ" ಸಿಗುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಆ ಪದ ಅಲ್ಲಿ ಇಲ್ಲವೇ ಇಲ್ಲ. ಬಿಜಾಪುರ ವಿಜಯಪುರವಾದ 2014ರ ನವೆಂಬರ್‌ನಲ್ಲಿ ನಾವು ಗಿರಾಕಿಗಳ ಲೆಟರ್‌ಹೆಡ್‌ಗಳನ್ನು ಒಂದೊಂದೇ ತೆರೆದು ಕಣ್ಣಿನಿಂದಲೇ ಹುಡುಕಿ ತಿದ್ದಿದ್ದೆವು.

ಕನ್ನಡಕ್ಕೆ ತನ್ನದೇ ಮನೆ ಇರಲಿಲ್ಲವೇ ಎಂದರೆ, ಇತ್ತು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಏರ್ಪಾಡು ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ನುಡಿಯಲ್ಲೂ ಯುನಿಕೋಡ್ ಬಂದು ಎಷ್ಟೋ ವರ್ಷವಾಯಿತು. ಆದರೆ ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ. 2001ರ 7.0ರ ನಂತರ ಅದಕ್ಕೆ ಹೊಸ ಆವೃತ್ತಿಯೂ ಬರಲಿಲ್ಲ. ಕಟ್ಟಿದವರೇ ಕೈಬಿಟ್ಟ ಮನೆಯಲ್ಲಿ ನಮ್ಮ ಕಡೆಯ ಎಷ್ಟೋ ಡಿಟಿಪಿ ಅಂಗಡಿಗಳು ಇನ್ನೂ ಸಂಸಾರ ಮಾಡುತ್ತಿವೆ. ಅಣಕಿಸುತ್ತಿಲ್ಲ, ನಾನೂ ಅವರಲ್ಲೊಬ್ಬಳು.

ನುಡಿಯ ಫಾಂಟುಗಳನ್ನು ಲಿನಕ್ಸಿಗೆ ನಕಲು ಮಾಡಿದೆವು. ಕಸ ಕನ್ನಡವಾಯಿತು, ಸಾಲುಗಳು ಮಾತ್ರ ಚೌಕಟ್ಟು ದಾಟಿ ಹರಿದವು. ಸರಿ, ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿಬಿಡೋಣ ಎಂದ ಹುಡುಗ. ಪರಿವರ್ತಕಕ್ಕೆ ಹಾಕಿದರೆ ಕನ್ನಡ ಚೆನ್ನಾಗಿಯೇ ಬಂತು. ಆದರೆ ಮದುಮಗನ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿದ್ದ ಬಿ.ಇ. ಪದವಿ "ಃ.ಇ." ಆಯಿತು. ಮದುಮಗಳ ಎಂ.ಎ. "ಒ.ಂ." ಆಯಿತು. ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷದಲ್ಲಿರುವ ಇಂಗ್ಲಿಷ್ ಎಂದು ಪಾಪ, ಅದಕ್ಕೆ ಹೇಗೆ ತಿಳಿಯಬೇಕು? ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಎಣಿಸಿದೆ: ಹದಿಮೂರು ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟ ಫೈಲುಗಳು. ಲಗ್ನಪತ್ರಿಕೆ, ಗೃಹಪ್ರವೇಶ, ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವರದಿ, ತೀರಿಕೊಂಡವರ ಶಿವಗಣಾರಾಧನೆಯ ಪತ್ರಿಕೆ. ಅಪ್ಪನದ್ದೂ ಅದರಲ್ಲೇ ಇದೆ, ನಾನೇ ಕಂಪೋಸ್ ಮಾಡಿದ್ದು. ಎಲ್ಲವನ್ನೂ ಕೈಯಾರೆ ತಿದ್ದಿ ಮುಗಿಸಲು ನನ್ನ ಆಯುಷ್ಯ ಸಾಲದು.

ಅಪ್ಪನ ಅನುಮಾನದ ಮಾತಿಗೆ ಬರುತ್ತೇನೆ. ಹಳೆಯ ಬಾಗಲಕೋಟೆಯಲ್ಲಿ ನಮ್ಮದು ಟ್ರೆಡಲ್ ಪ್ರೆಸ್ ಇತ್ತು. ಸೀಸದ ಅಕ್ಷರದ ಮೊಳೆ ಜೋಡಿಸುವ ಕೇಸುಗಳು ಗೋಡೆಯುದ್ದಕ್ಕೂ. ಯಾವ ಮನೆಯಲ್ಲಿ ಯಾವ ಅಕ್ಷರವೆಂದು ಅಪ್ಪನ ಕೈಗೆ ಗೊತ್ತಿತ್ತು, ಕಣ್ಣು ಹಸ್ತಪ್ರತಿಯ ಮೇಲೆಯೇ ಇರುತ್ತಿತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆ, ಮುಳುಗಡೆಯಾಗುತ್ತದೆ ಎಂದು ನೋಟಿಸು ಬಂದಾಗ ಬೀದಿಯ ಅರ್ಧ ಮಂದಿ ನಂಬಲಿಲ್ಲ. ಅಪ್ಪ ನಂಬಿದರು, ಆದರೆ ಏಳಲಿಲ್ಲ. ಕೊನೆಗೆ ಅವಸರದಲ್ಲಿ ಹೊರಟಾಗ ಮೊಳೆಗಳನ್ನೆಲ್ಲ ತೂಕದ ಲೆಕ್ಕದಲ್ಲಿ ಮಾರಬೇಕಾಯಿತು. ಸೀಸದ ಬೆಲೆಗೆ ಹೋಯಿತು ನಮ್ಮ ಕನ್ನಡ. ನವನಗರಕ್ಕೆ ಬಂದ ಮೇಲೆ ಹೊಸದು ಒಳ್ಳೆಯದು ಎಂದು ಯಾರು ಹೇಳಿದರೂ ಅವರು ಎದುರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಕ್ಷರಗಳೂ ಬರುತ್ತವೆಯೋ?"

ವಿಂಡೋಸ್ 10ರ ಆ ಕಿಟಕಿಯನ್ನು ಅಪ್ಪ ಮುಚ್ಚಿದ್ದು ತಪ್ಪು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಇವತ್ತು ಅರ್ಧ ತಪ್ಪು ಎನ್ನಿಸುತ್ತಿದೆ. ಏಳದೇ ಇದ್ದುದು ತಪ್ಪು. ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.

ಊಟಕ್ಕೆ ಏಳುವ ಮುಂಚೆ ಹುಡುಗ ಹಾರ್ಡ್ ಡಿಸ್ಕಿನ ಆರೋಗ್ಯ ನೋಡಿದ. "ಅತ್ತೆ, ಕೆಟ್ಟ ಸೆಕ್ಟರ್‌ಗಳಿವೆ" ಎಂದು ಜೋರಾಗಿ ಹೇಳಿದ್ದಕ್ಕೆ ಒಳಗಿನಿಂದ ಅವ್ವ, "ಯಾವ ಸೆಕ್ಟರು? ನಮ್ಮದಕ್ಕೇನಾಗಿದೆ, ನಳ ಬರುತ್ತದಲ್ಲ" ಎಂದಳು. ನವನಗರದಲ್ಲಿ ಸೆಕ್ಟರ್ ಎಂದರೆ ಮನೆಯ ವಿಳಾಸ. ಡಿಸ್ಕಿನಲ್ಲಿ ಒಂದು ಸೆಕ್ಟರ್ ಕೆಟ್ಟರೆ ಅದರ ಬದಲಿಗೆ ಮೀಸಲಿಟ್ಟ ಬೇರೊಂದು ಸೆಕ್ಟರನ್ನು ಡಿಸ್ಕ್ ತಾನೇ ಕೊಡುತ್ತದಂತೆ, ಮೀಸಲು ಮುಗಿಯುವವರೆಗೆ. ಪುನರ್ವಸತಿ ಎಂದರೆ ಅವ್ವನಿಗೆ ಕೂಡಲೇ ತಿಳಿಯಿತು. "ಹಾಗಾದರೆ ಅಲ್ಲಿಯೂ ನೀರು ಬಂದಿದೆ ಎನ್ನು" ಎಂದಳು.

ಅಲ್ಲಿಗೆ ವಿಷಯ ತಿರುಗಿತು. ನಾನು ಬೆಳಿಗ್ಗೆಯಿಂದ ಯಾವ ವಿಂಡೋಸ್ ಎಂದು ತಲೆ ಕೆಡಿಸಿಕೊಂಡಿದ್ದೆ. ಆದರೆ ಒಂದು ದಿನ ಈ ಡಿಸ್ಕ್ ಟಿಕ್ ಟಿಕ್ ಎಂದು ನಿಂತರೆ ಮೊಳೆಗಳು ಎರಡನೆಯ ಸಲ ಹೋಗುತ್ತವೆ, ಈ ಬಾರಿ ಸೀಸದ ಬೆಲೆಯೂ ಇಲ್ಲ.

ಊಟದ ಹೊತ್ತಿಗೆ ಹೀಗೆಂದು ನಿಂತಿತು. ಹಳೆಯ ಯಂತ್ರಕ್ಕೆ ಯಾವ ಹೊಸ ವಿಂಡೋಸೂ ಬೇಡ. ನಾಳೆ ಒಂದು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್, ತಂದು ಡಿಸ್ಕನ್ನು ಇದ್ದ ಹಾಗೆಯೇ ಅದಕ್ಕೆ ನಕಲಿಳಿಸುವುದು. ಚಹಾ ಕುಡಿದು ಕಪ್ಪು ತೊಳೆಯುವ ಪುರುಸೊತ್ತು ಇನ್ನು ಸಿಗಲಿಕ್ಕಿಲ್ಲ. ಫೈಲುಗಳ ಪ್ರತಿ ಹೊರಗಿನ ಡಿಸ್ಕೊಂದರಲ್ಲಿ, ಇನ್ನೊಂದು ಪ್ರತಿ ತಮ್ಮನ ಮನೆಯಲ್ಲಿ. ನೆಟ್‌ವರ್ಕ್ ಕೇಬಲ್ ಶಾಶ್ವತವಾಗಿ ಕಿತ್ತುಹಾಕುವುದು. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಸೋಕಿಸಬಾರದು, ಶಾರ್ಟ್‌ಕಟ್ ವೈರಸ್ಸಿನ ಕಾಟ ಮೂರು ಸಲ ಅನುಭವಿಸಿದ್ದೇನೆ. ಇಂಟರ್ನೆಟ್ಟಿನ ಕೆಲಸಕ್ಕೆ ಮನೆಯಲ್ಲಿ ಮೂಲೆಗೆ ಬಿದ್ದ ಲ್ಯಾಪ್‌ಟಾಪಿಗೆ ಮಿಂಟ್. ಹೊಸ ಗಿರಾಕಿಗಳ ಪತ್ರಿಕೆಗಳೆಲ್ಲ ಇನ್ನು ಯುನಿಕೋಡ್‌ನಲ್ಲಿ, ಆ ಲ್ಯಾಪ್‌ಟಾಪಿನಲ್ಲೇ. ಹಳೆಯದು ಕೇಳಿ ಬಂದವರದ್ದು ಹಳೆಯದರಲ್ಲಿ, ಬಂದಾಗಲೊಮ್ಮೆ ಒಂದೊಂದು ಫೈಲ್ ಹೊಸದಕ್ಕೆ ದಾಟಿಸುತ್ತಾ. ಹುಡುಗನಿಗೆ ಇದು ಸಪ್ಪೆ ಎನಿಸಿತು. ಅವನಿಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವ ಹುಮ್ಮಸ್ಸು. ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸಿದಳು.

ಪ್ರಿಂಟರಿನ ಮಾತು ಉಳಿದಿದೆ. ಲಿನಕ್ಸಿನಲ್ಲಿ ಅದು ಇವತ್ತು ಕಣ್ಣು ಬಿಡಲಿಲ್ಲ. ನಾಳೆ ನೋಡಬೇಕು.

ಇದನ್ನೆಲ್ಲ ಆ ಪೆನ್‌ಡ್ರೈವ್‌ನ ಲಿನಕ್ಸಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಹೀಗೆ ಉಟ್ಟು ನೋಡುವ ಸೀರೆಯಲ್ಲಿ ಒಂದು ತೊಂದರೆ ಎಂದು ಹುಡುಗ ಹೋಗುವಾಗ ಹೇಳಿ ಹೋದ: ಯಂತ್ರ ಆರಿಸಿದರೆ ಬರೆದದ್ದೇನೂ ಉಳಿಯುವುದಿಲ್ಲ. ಈಗಷ್ಟೇ ಕರೆಂಟ್ ಹೋಯಿತು, ಮುದಿ ಯುಪಿಎಸ್ ಕೂಗಲು ಶುರುಮಾಡಿದೆ. ತಪ್ಪುಗಳಿದ್ದರೆ ಇರಲಿ, ಮೊದಲು ಇದನ್ನು ಇಂಟರ್ನೆಟ್ಟಿಗೆ ಏರಿಸುತ್ತೇನೆ.