ಬಕೆಟ್ ಒಡೆದ ಭಾನುವಾರ

ಬೆಂಗಳೂರಿನ ತುರಹಳ್ಳಿಯ ಕೆಂಪು ಮಣ್ಣಲ್ಲಿ ಒಂದು ಬೇಸಿಗೆ ಓಡಿಸಿದ್ದೇ ತಡ, ನನ್ನ ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವಾಗೆಲ್ಲ ಕಿರುಗುಟ್ಟೋಕೆ ಶುರುವಾಯ್ತು. ಒಳಗಿನ ಸೀಲು ಬದಲಾಯಿಸಬೇಕು. ಇದರಲ್ಲಿ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಡಬ್ಬಿಯೊಳಗೆ ತುಂಬಿದ ಗಾಳಿಯೇ ಸ್ಪ್ರಿಂಗು. ನನ್ನ ತೂಕಕ್ಕೆ ಬೇಕಾದ ಗಾಳಿಯೊತ್ತಡ 180 ಪಿಎಸ್‌ಐ. ಕಾರಿನ ಟೈರಿಗೆ ನಾವು ಹಾಕಿಸೋದು 32–33.

ಶಾಕನ್ನು ಫ್ರೇಮಿನಿಂದ ಇಳಿಸಿ ವಾಲ್ವಿನ ಪಿನ್ ಒತ್ತಿದೆ. ಪುಸ್ ಅಂತ ಎರಡೇ ಸೆಕೆಂಡಲ್ಲಿ ಸದ್ದು ನಿಂತಿತು. ಖಾಲಿ ಅಂದುಕೊಂಡೆ. ಆದರೆ ಶಾಕ್ ತಾನಾಗೇ ಒಂದು ಬೆರಳಗಲ ಗಿಡ್ಡ ಆಗಿತ್ತು, ಎಳೆದರೂ ಉದ್ದ ಆಗಲಿಲ್ಲ. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನನ್ನ ಶಾಕಿನ ಡಬ್ಬಿ ಬರಿಗೈಯಲ್ಲೇ ಬಿಚ್ಚಿಕೊಳ್ಳಬೇಕು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮಣ್ಣು ಕಚ್ಚಿದೆ ಅಂತ ಜೆಸಿ ರಸ್ತೆಯಿಂದ ತಂದಿದ್ದ ಬೆಲ್ಟ್ ರೆಂಚ್ ತೆಗೆದೆ. ಕಾರಿನ ಆಯಿಲ್ ಫಿಲ್ಟರ್ ಬಿಚ್ಚೋಕೆ ಬಳಸುವ ರಬ್ಬರ್ ಪಟ್ಟಿಯದು. ಒಳ್ಳೇ ಸಾಮಾನು, ಪೈಪ್ ರೆಂಚಿನ ಹಾಗೆ ಹಲ್ಲು ಊರಿ ಅಲ್ಯೂಮಿನಿಯಂ ಗೀರೋದಿಲ್ಲ. ಆದರೆ ಅದರ ಹಿಡಿಕೆ ಉದ್ದ, ಕೈಗೆ ಆಗದ್ದನ್ನು ಸಲೀಸಾಗಿ ಮಾಡಿಬಿಡುತ್ತೆ. ಕಡೇ ಸುತ್ತು ಬಿಚ್ಚುವಾಗ ಠಪ್ ಅಂತ ಡಬ್ಬಿ ಜಾರಿ ಹಾರಿ, ಬಾಲ್ಕನಿಯ ನೀಲಿ ಬಕೆಟ್ಟಿಗೆ ಬಡಿಯಿತು. ಒಳಗಿಂದ ನನ್ನವಳು, "ಏನ್ರೀ ಅದು?" ಅಂದಳು. "ಏನಿಲ್ಲ" ಅಂದೆ. ಬಕೆಟ್ ಎರಡು ಹೋಳು.

ಆಗಿದ್ದಿಷ್ಟು. ಪಿಸ್ಟನ್ನಿನ ಆಚೆ ಬದಿಗೆ ಇನ್ನೊಂದು ಚಿಕ್ಕ ಗಾಳಿ ಕೋಣೆ ಇರುತ್ತೆ, ನೆಗೆಟಿವ್ ಚೇಂಬರ್. ವಾಲ್ವ್ ಇರೋದು ದೊಡ್ಡ ಕೋಣೆಗೆ ಮಾತ್ರ. ಅದನ್ನು ಒಮ್ಮೆಲೇ ಖಾಲಿ ಮಾಡಿದರೆ ಚಿಕ್ಕದರ ಗಾಳಿ ಅಲ್ಲೇ ಸಿಕ್ಕಿಹಾಕಿಕೊಂಡು ಶಾಕನ್ನು ಒಳಕ್ಕೆಳೆಯುತ್ತೆ, ಡಬ್ಬಿಯ ತಿರುಪಿನ ಮರೆಯನ್ನೂ ಬಿಗಿಹಿಡಿಯುತ್ತೆ. ಡಬ್ಬಿಯನ್ನು ಕಚ್ಚಿ ಹಿಡಿದಿದ್ದದ್ದು ಮಣ್ಣಲ್ಲ, ಈ ಗಾಳಿ. ಹೀಗೆ ಗಿಡ್ಡವಾಗಿ ನಿಂತ ಶಾಕನ್ನು ಬಿಚ್ಚಲೇಬೇಡಿ, ಸರ್ವಿಸಿಗೆ ಕೊಡಿ.

ಈಗ ಗಾಳಿಯನ್ನು ಶಾಕ್ ಇನ್ನೂ ಸೈಕಲ್ಲಲ್ಲಿರುವಾಗಲೇ ತೆಗೀತೀನಿ. ಸ್ವಲ್ಪ ಬಿಡೋದು, ಸೀಟಿನ ಮೇಲೆ ನಿಧಾನವಾಗಿ ಒತ್ತಿ ಎತ್ತೋದು, ಮತ್ತೆ ಸ್ವಲ್ಪ ಬಿಡೋದು. ಹೀಗೆ ಮಾಡಿದರೆ ಎರಡೂ ಕೋಣೆ ಜೊತೆಗೇ ಇಳಿಯುತ್ತವೆ. ಇಳಿಸಿದ ಮೇಲೆ ಕಣ್ಣಿಂದ ಕಣ್ಣಿಗೆ (ಶಾಕಿನ ಎರಡೂ ತುದಿಯ ಬೋಲ್ಟ್ ತೂತುಗಳು) ಸ್ಕೇಲ್ ಹಿಡಿದು ಪೂರ್ತಿ ಉದ್ದ ಇದೆಯಾ ಅಂತ ಅಳೀತೀನಿ. ಸಾಮಾನು ಕಚ್ಚಿ ಹಿಡಿಯೋ ವೈಸಿನ ಬಾಯಿಗೆ ಅಲ್ಯೂಮಿನಿಯಂ ತಗಡು ಕೊಟ್ಟು ಡಬ್ಬಿ ಬದಿಯ ಕಣ್ಣನ್ನು ಮಾತ್ರ ಕಚ್ಚಿಸ್ತೀನಿ. ಡಬ್ಬಿ ಜಾರಿ ಬರೋ ಕಡೆಯ ಕಣ್ಣಿನೊಳಗೆ ಹಳೇ ಪಂಚೆಯ ತುಂಡನ್ನು ತೂರಿಸಿ ಗಂಟು ಹಾಕ್ತೀನಿ. ಹಾರಿದರೂ ಅಲ್ಲೇ ತಡೆಯುತ್ತೆ. ಮುಖ ಅದರ ನೇರಕ್ಕೆ ಇಡಲ್ಲ. ಬೆಲ್ಟ್ ರೆಂಚ್ ಹಾಕಿದರೂ ಬರೀ ಕಾಲು ಸುತ್ತು ಸಡಿಲಿಸೋಕಷ್ಟೇ, ಮಿಕ್ಕಿದ್ದು ಕೈಯಲ್ಲಿ. ನೈಟ್ರೋಜನ್ ತುಂಬಿದ ಡ್ಯಾಂಪರ್ (ಶಾಕಿನ ಪುಟಿತ ತಗ್ಗಿಸೋ ಭಾಗ) ಕಡೆ ಕೈಯೇ ಹಾಕಲ್ಲ.

ಸೀಲು ಕೀಳೋಕೆ ಹಳೇ ಟೂತ್‌ಬ್ರಷ್‌ನ ಹಿಡಿಯನ್ನು ಉಜ್ಜಿ ಚೂಪು ಮಾಡಿಕೊಂಡಿದ್ದೀನಿ. ಪಿನ್ನು, ಸೂಜಿ ತಾಗಿಸಿದರೆ ಗೀರು ಬಿತ್ತು, ಆ ಗೀರಲ್ಲೇ ಗಾಳಿ ಹೋಯ್ತು.

ಬಕೆಟ್ ಒಡೆದ ಆ ಸಂಜೆ ಸೀಲು ಬದಲಾಯಿಸಿ ಮತ್ತೆ 180 ತುಂಬಿದೆ. ಬೆಳಿಗ್ಗೆ ಪಂಪ್ ಹಚ್ಚಿದರೆ 170! ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯ್ತು, ಕಮ್ಮಿಯಾದ ಆ ಹತ್ತು, ಪಂಪಿನ ಖಾಲಿ ಪೈಪು ತುಂಬೋಕೆ ಹೋಗಿದ್ದು.