ಸುಪ್ರೀಂ ಕೋರ್ಟ್ ಹೇಳಿತು ಅಂದರೆ, ಎಷ್ಟು ಜನ ಹೇಳಿದ್ದು?

ಟಿವಿಯಲ್ಲಿ ‘ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು’ ಅಂತ ಬಂದರೆ ನಾನು ಮೊದಲು ಹುಡುಕುವುದು ಪೀಠದಲ್ಲಿ ಎಷ್ಟು ನ್ಯಾಯಮೂರ್ತಿಗಳಿದ್ದರು ಅನ್ನುವುದನ್ನು. ಎಷ್ಟೋ ಸಲ ಸುದ್ದಿಯಲ್ಲಿ ಅದೇ ಇರುವುದಿಲ್ಲ.

ತಾಲ್ಲೂಕು ಕೋರ್ಟು, ಜಿಲ್ಲಾ ಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು, ಈ ಮೆಟ್ಟಿಲು ಎಲ್ಲರಿಗೂ ಗೊತ್ತು. ಆದರೆ ಸುಪ್ರೀಂ ಕೋರ್ಟಿನ ಒಳಗೂ ಮೆಟ್ಟಿಲುಗಳಿವೆ. ಅಲ್ಲಿ ಹೆಚ್ಚಿನ ಕೇಸುಗಳನ್ನು ಕೇಳುವುದು ಇಬ್ಬರು ಅಥವಾ ಮೂವರು. ಸಂವಿಧಾನದ ಅರ್ಥವನ್ನೇ ತೀರ್ಮಾನಿಸುವ ದೊಡ್ಡ ಪ್ರಶ್ನೆ ಇದ್ದರೆ ಕನಿಷ್ಠ ಐವರು ಕೂರಬೇಕು ಅಂತ 145ನೇ ವಿಧಿ ಹೇಳುತ್ತದೆ. ದೊಡ್ಡ ಪೀಠದ ತೀರ್ಪನ್ನು ಚಿಕ್ಕ ಪೀಠ ತಳ್ಳಿಹಾಕುವಂತಿಲ್ಲ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಕೇಸಿಗೆ 13 ಜನ ಕೂತದ್ದು ಇದಕ್ಕೇ. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವಂತಿಲ್ಲ ಅಂತ 1967ರಲ್ಲಿ ಗೋಲಕನಾಥ್ ಕೇಸಿನಲ್ಲಿ 11 ಜನರ ಪೀಠ ಹೇಳಿತ್ತು, ಅದು ಸರಿಯೋ ತಪ್ಪೋ ನೋಡಬೇಕಾದರೆ ಅದಕ್ಕಿಂತ ದೊಡ್ಡ ಪೀಠವೇ ಬೇಕಿತ್ತು. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ. ಒಬ್ಬರೇ ಒಬ್ಬರ ಅಂತರ ನೋಡಿ! ಇವತ್ತಿಗೂ ನಮ್ಮನ್ನು ಕಾಯುತ್ತಿರುವುದು ಆ ತೀರ್ಪೇ ಅಂತ ನಾನು ನಂಬಿದ್ದೇನೆ.

ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ ಹೋದಾಗಲೂ ಹೀಗೇ ಆಯಿತು. ಖಾಸಗಿತನ ಮೂಲಭೂತ ಹಕ್ಕಲ್ಲ ಅನ್ನಲು ಸರ್ಕಾರ 1954ರ ಎಂಟು ಜನರ ಹಳೇ ತೀರ್ಪೊಂದನ್ನು ಮುಂದಿಟ್ಟಿತು. ಹಾಗಾಗಿ ಒಂಬತ್ತು ಜನರ ಪೀಠ ಕೂತು, 2017ರಲ್ಲಿ ಒಮ್ಮತದಿಂದ ಅದು ಹಕ್ಕೇ ಅಂದಿತು.

ಹಿಜಾಬ್ ಕೇಸು ನೆನಪಿದೆಯಲ್ವಾ? ಹೈಕೋರ್ಟಿನಲ್ಲಿ ಮೊದಲು ಏಕಸದಸ್ಯ ಪೀಠ, ಆಮೇಲೆ ಮೂವರ ಪೀಠ. ಸುಪ್ರೀಂ ಕೋರ್ಟಿನಲ್ಲಿ ಮಾತ್ರ ಇಬ್ಬರೇ. 2022ರ ಅಕ್ಟೋಬರ್‌ನಲ್ಲಿ ಒಬ್ಬರು ಮೇಲ್ಮನವಿ ತಳ್ಳಿಹಾಕಿದರು, ಇನ್ನೊಬ್ಬರು ಎತ್ತಿಹಿಡಿದರು. ಅಷ್ಟು ವಾದ ನಡೆದ ಮೇಲೂ ಏನೂ ತೀರ್ಮಾನವಾಗಲಿಲ್ಲ, ಕೇಸು ಬೇರೆ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಇಂಥ ಕೇಸಿಗೆ ಮೊದಲೇ ಮೂವರನ್ನೋ ಐವರನ್ನೋ ಕೂರಿಸಬೇಕಿತ್ತು. ಓದುವ ವಯಸ್ಸಿನ ಹೆಣ್ಣುಮಕ್ಕಳ ವಿಷಯ ಅದು, ಅವರ ಕಾಲೇಜಿನ ವರ್ಷಗಳು ಕೋರ್ಟಿಗಾಗಿ ಕಾಯುವುದಿಲ್ಲ.