ಬೆಚ್ಚಗಿರುವಾಗಲೇ ಚೈನಿಗೆ ಎಣ್ಣೆ
ಬೈಕ್ ಓಡಿಸಿ ಬಂದ ಕೂಡಲೇ ಚೈನಿಗೆ ಎಣ್ಣೆ ಹಾಕುವುದು ನನಗೆ ಬಲು ಇಷ್ಟದ ಕೆಲಸ. ಚೈನು ಬೆಚ್ಚಗಿದ್ದರೆ ಎಣ್ಣೆ ಸಂದುಸಂದಿಗೂ ಇಳಿಯುತ್ತದೆ. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಚೈನಿನ ಒಳಮೈಗೆ ತೆಳುವಾಗಿ ಬಿಡುತ್ತೇನೆ; ಓಡುವಾಗಿನ ರಭಸಕ್ಕೆ ಅದು ತಾನಾಗಿ ಹೊರಮೈಗೆ ಹರಡುತ್ತದೆ. (ಎಂಜಿನ್ ಚಾಲೂ ಇಟ್ಟು ಯಾರೂ ಇದಕ್ಕೆ ಕೈಹಾಕಬೇಡಿ, ಬೆರಳೇ ಹೋದೀತು.) ಓ-ರಿಂಗ್ ಚೈನಿನಲ್ಲಿ ಪಿನ್ನಿನ ಸುತ್ತಲಿನ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರ್ ಉಂಗುರಗಳಿಂದ (ಅವೇ ಓ-ರಿಂಗ್) ಮುಚ್ಚಿರುತ್ತಾರೆ. ನಾವು ಹೊರಗಿನಿಂದ ಹಾಕುವುದು ಆ ರಬ್ಬರ್ ಉಂಗುರಗಳು ಒಣಗದಿರಲಿ, ರೋಲರ್‌ಗೆ ತುಕ್ಕು ಹಿಡಿಯದಿರಲಿ ಎಂದು. ಅದಕ್ಕೇ ಆ ಉಂಗುರಗಳನ್ನು ಕೆಡಿಸುವ ತಂತಿ ಬ್ರಷ್, ಪೆಟ್ರೋಲ್ ಎರಡನ್ನೂ ದೂರವಿಡುತ್ತೇನೆ. ಎಂಜಿನ್ನಿನ ಬಲವನ್ನೆಲ್ಲ ಚಕ್ರಕ್ಕೆ ಮುಟ್ಟಿಸುವ ಚೈನನ್ನು, ಅದು ಸದ್ದು ಮಾಡುವವರೆಗೆ ಜನ ತಿರುಗಿಯೂ ನೋಡುವುದಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಇನ್ನು ಹೆಚ್ಚಾದ ಎಣ್ಣೆ ಒರೆಸಬೇಕು, ಇಲ್ಲದಿದ್ದರೆ ರಿಮ್ ತುಂಬ ಕಲೆ.